ಮಲೆನಾಡಿನ ಮನೆ, ಮಲೆನಾಡಿನ ಪೇಟೆ

ಊರೆಂದರೆ ನಿಮ್ಮ ಕಣ್ಣಿಗೆ ಕಟ್ಟುವುದೇನು? ಒಂದು ಕೆರೆ, ಅದರ ಏರಿ, ಗೋಡೆಗೆ ಗೋಡೆ ತಾಗಿದ ಮನೆಗಳ ಬೀದಿಗಳು. ಚಿಕ್ಕಮಗಳೂರು ಜಿಲ್ಲೆಯ ಕಡೂರು ಸೀಮೆಯಲ್ಲಿ ಇಂಥ ಊರುಗಳೇ ಹೆಚ್ಚು. ಆದರೆ ಅದೇ ಜಿಲ್ಲೆಯ ಪಡುವಲಿಗೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಗೆ ಹೋದಿರೋ, ಊರನ್ನು ಹುಡುಕಬೇಕಾಗುತ್ತದೆ. ಗ್ರಾಮದ ಹೆಸರು ಹಲಗೆಯ ಮೇಲಿರುತ್ತದೆ. ಮನೆಗಳು ಮಾತ್ರ ಒಂದು ಈ ಕಣಿವೆಯಲ್ಲಿ, ಇನ್ನೊಂದು ಗುಡ್ಡದಾಚೆ.

ಇದಕ್ಕೆ ಕಾರಣ ನೀರು. ಬಯಲುಸೀಮೆಯಲ್ಲಿ ನೀರು ನಿಂತದ್ದು ಕೆರೆಯೊಂದರಲ್ಲಿ. ಜನ ಅದರ ಮಗ್ಗುಲಲ್ಲೇ ಕೂಡಿದರು. ಶೃಂಗೇರಿಯಲ್ಲಾದರೋ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಕಣಿವೆ ಕಣಿವೆಗೂ ಹಳ್ಳ. ಅಡಕೆ ತೋಟಕ್ಕೆ ತಂಪು ಬೇಕು, ಗೊಬ್ಬರದ ಸೊಪ್ಪಿಗೆ ಪಕ್ಕದಲ್ಲೇ ಕಾಡು ಬೇಕು. ಅಂಥ ಒಂದು ಕಣಿವೆ ಕೆಲವು ಕುಟುಂಬಗಳನ್ನು ಸಾಕೀತೇ ಹೊರತು ನೂರನ್ನಲ್ಲ. ಆದುದರಿಂದ ತೋಟವಿದ್ದಲ್ಲಿ ಮನೆ ಎದ್ದಿತು.

ಹಾಗಾದರೆ ಪೇಟೆಗಳು ಬಂದುದೆಲ್ಲಿಂದ? ತುಂಗೆಯ ದಡದ ಶೃಂಗೇರಿ ಬೆಳೆದುದು ಮಠದಿಂದ. 1346ರಲ್ಲಿ ವಿಜಯನಗರದ ಹರಿಹರನೂ ಅವನ ಸೋದರರೂ ಅಲ್ಲಿಗೆ ಬಂದು ಭಾರತೀತೀರ್ಥರಿಗೆ ಭೂಮಿ ದತ್ತಿಯಿತ್ತರು. ಕೊಪ್ಪದ ಬಲ ತಾಲ್ಲೂಕು ಕಚೇರಿ. ಹಿಂದೆ ಶೃಂಗೇರಿ ಜಹಗೀರೂ ಎಡೇಹಳ್ಳಿ ಉಪತಾಲ್ಲೂಕೂ ಕೊಪ್ಪಕ್ಕೇ ಸೇರಿದ್ದವು. ಆ ಎಡೇಹಳ್ಳಿಯೇ 1915ರಲ್ಲಿ ಮೈಸೂರಿನ ಯುವರಾಜರ ಹೆಸರು ಹೊತ್ತು ನರಸಿಂಹರಾಜಪುರವಾಯಿತು. ಅಂದರೆ ಇಲ್ಲಿಯ ಪೇಟೆ ಜನ ಬಂದು ಹೋಗುವ ತಾಣ. ವಾಸದ ಮನೆ ತೋಟದಲ್ಲಿ.

ಈ ಒಂಟಿಮನೆಗಳ ಮೇಲೆ ಮೂರು ಪೆಟ್ಟು ಬಿದ್ದಿವೆ. ಮೊದಲನೆಯದು ಮಲೇರಿಯ. ಅದರಿಂದ ಮಲೆನಾಡಿನ ಜನಸಂಖ್ಯೆ ಕುಗ್ಗುತ್ತ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಸರ್ಕಾರವೇ ಮಲೆನಾಡು ಸುಧಾರಣೆಯ ಯೋಜನೆ ಕೈಗೊಳ್ಳಬೇಕಾಯಿತು. ಎರಡನೆಯದು ಅಣೆಕಟ್ಟು. 1960ರ ದಶಕದಲ್ಲಿ ಲಕ್ಕವಳ್ಳಿಯ ಭದ್ರಾ ಜಲಾಶಯ ಪೂರ್ಣಗೊಂಡಿತು. ಬಯಲಿಗೆ ನೀರಾಯಿತು, ನರಸಿಂಹರಾಜಪುರದ ಕಡೆಯ ಹಳ್ಳಿಗಳು ಹಿನ್ನೀರಿನಲ್ಲಿ ಮುಳುಗಿದವು. ಅತ್ತ ಕೇರಳದಿಂದ ಬಂದ ಕೃಷಿಕರು ಅದೇ ಸೀಮೆಯಲ್ಲಿ ನೆಲೆ ನಿಂತು ರಬ್ಬರು ಬೆಳೆದರು ಎಂಬುದೂ ಈ ಚರಿತ್ರೆಯ ಭಾಗವೇ.

ಮೂರನೆಯ ಪೆಟ್ಟಿಗೆ ಸದ್ದಿಲ್ಲ. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನ 11 ಲಕ್ಷ 40 ಸಾವಿರದಷ್ಟು. 2011ರಲ್ಲಿ 11 ಲಕ್ಷ 38 ಸಾವಿರದಷ್ಟು. ಅದೇ ಹತ್ತು ವರ್ಷಗಳಲ್ಲಿ ಕರ್ನಾಟಕದ ಜನಸಂಖ್ಯೆ ನೂರಕ್ಕೆ 15ರಷ್ಟು ಏರಿತ್ತು! ಹೋದವರೆಲ್ಲ ಹತ್ತಿರದ ಪೇಟೆ ಸೇರಿದರೇ? ಇಲ್ಲ, 2011ರಲ್ಲಿ ಈ ಮೂರು ಪೇಟೆಗಳಲ್ಲಿ ಒಂದಾದರೂ ಹತ್ತು ಸಾವಿರ ಮುಟ್ಟಲಿಲ್ಲ. ಓದು, ಉದ್ಯೋಗಗಳು ಮಕ್ಕಳನ್ನು ಬೆಂಗಳೂರಿನಂಥ ದೂರದ ನಗರಗಳಿಗೆ ಸೆಳೆದವು.

ಬೀದಿಯಲ್ಲಿ ಒಂದು ಮನೆಗೆ ಬೀಗ ಬಿದ್ದರೆ ನೆರೆಮನೆಯಲ್ಲಿ ದೀಪವಿರುತ್ತದೆ. ಮಲೆನಾಡಿನಲ್ಲಿ ಎಷ್ಟೋ ಕಡೆ ಮನೆಯ ಹೆಸರೇ ಆ ಜಾಗದ ಹೆಸರು. ಮನೆ ಮುಚ್ಚಿದರೆ ಹೆಸರೂ ಹೋದಂತೆ. ನಿಮ್ಮ ನೆಂಟರು ಆ ಕಡೆಯಲ್ಲಿದ್ದರೆ ಈ ರಜೆಯಲ್ಲಿ ಹೋಗಿ ಬನ್ನಿ. ಸುತ್ತಲಿನ ಮನೆಗಳ ಹೆಸರುಗಳನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳಿ. ಜನಗಣತಿಯ ಪುಸ್ತಕದಲ್ಲಿ ಅವು ಸಿಕ್ಕುವುದಿಲ್ಲ.