ಮಣ್ಣಿನ ಗೋಡೆ ಕಲಿಸುವ ಪಾಠ

ವಿದ್ಯುತ್ತಿಲ್ಲದ ಕಾಲದಲ್ಲಿಯೂ ಕೈರೋದ ಮನೆಗಳು ಕಡುಬೇಸಿಗೆಯನ್ನು ತಾಳಿಕೊಂಡಿದ್ದವು. ಮಾಳಿಗೆಯ ಮೇಲೆ ಉತ್ತರದ ತಂಗಾಳಿಗೆ ಮುಖಮಾಡಿ ನಿಂತ ‘ಮಲ್ಕಫ್’ ಎಂಬ ಗಾಳಿಗೂಡು ಎತ್ತರದ ಗಾಳಿಯನ್ನು ಹಿಡಿದು ಪಡಸಾಲೆಗೆ ಇಳಿಸುತ್ತಿತ್ತು. ಬಿಸಿಗಾಳಿ ಛಾವಣಿಯ ಕಿಂಡಿಗಳಿಂದ ಹೊರಹೋಗುತ್ತಿತ್ತು. 14ನೇ ಶತಮಾನದ ಮುಹಿಬ್ಬುದ್ದೀನರ ಮನೆಯ ಸಭಾಂಗಣ ಇದಕ್ಕೆ ಸಾಕ್ಷಿ. ‘ಮಶ್ರಬಿಯ್ಯ’ ಎಂಬ ಮರದ ಜಾಲರಿ ಬಿಸಿಲನ್ನು ಸೋಸಿ ಮನೆಯ ಮರ್ಯಾದೆಯನ್ನೂ ಕಾಯುತ್ತಿತ್ತು. ಅಲ್ಲಿರಿಸಿದ ಮಣ್ಣಿನ ಹೂಜಿಗಳನ್ನು ಸವರಿ ಬಂದ ಗಾಳಿ ತಂಪಾಗುತ್ತಿತ್ತು.

ಕಾಂಕ್ರೀಟಿನ ಯುಗ ಇವೆಲ್ಲವನ್ನೂ ಹಳತೆಂದು ಬದಿಗಿಟ್ಟಾಗ, ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫತ್ಹಿ (1900–1989) ಅವುಗಳೆಡೆಗೆ ಮರಳಿದರು. ಎರಡನೇ ಮಹಾಯುದ್ಧದಿಂದ ಉಕ್ಕು ಮತ್ತು ಮರ ದುರ್ಲಭವಾಗಿದ್ದವು. ಸೆಂಟ್ರಿಂಗ್ ಇಲ್ಲದೆ, ಸುಡದ ಮಣ್ಣಿನ ಇಟ್ಟಿಗೆಗಳಿಂದಲೇ ಕಮಾನು ಛಾವಣಿ ಕಟ್ಟುವ ವಿದ್ಯೆ ನೂಬಿಯಾದ ಮೇಸ್ತ್ರಿಗಳಲ್ಲಿ ಉಳಿದಿತ್ತು. ಅವರನ್ನೇ ಕರೆತಂದು, 1946ರಲ್ಲಿ ಲಕ್ಸರ್ ಬಳಿ ‘ಹೊಸ ಗೂರ್ನಾ’ ಗ್ರಾಮವನ್ನು ಫತ್ಹಿ ಕಟ್ಟತೊಡಗಿದರು.

1964ರಲ್ಲಿ ಕೈರೋದಲ್ಲಿ ನಡೆದ ಪರೀಕ್ಷೆಯೊಂದು ಆ ವಿದ್ಯೆಯ ಸತ್ಯವನ್ನು ತೋರಿಸಿತು. ದಪ್ಪ ಮಣ್ಣಿನ ಗೋಡೆಯ ಮಾದರಿ ಮನೆಯೊಳಗಿನ ಉಷ್ಣತೆ ಹಗಲಿರುಳೂ 21ರಿಂದ 23 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಇತ್ತು. ತೆಳು ಕಾಂಕ್ರೀಟ್ ಫಲಕಗಳ ಮನೆಯಲ್ಲಿ ಅದು 36 ಡಿಗ್ರಿಗೆ ಏರಿತು. ದಪ್ಪ ಗೋಡೆ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿ, ಇರುಳಿನ ತಂಪಿಗೆ ಬಿಟ್ಟುಕೊಡುವುದೇ ಇದರ ಗುಟ್ಟು.

ಆದರೆ ಹೊಸ ಗೂರ್ನಾ ಪೂರ್ಣಗೊಳ್ಳಲಿಲ್ಲ. ಪ್ರಾಚೀನ ಗೋರಿಗಳ ಮೇಲೆ ನೆಲೆಸಿದ್ದ ಜನರನ್ನು ಸ್ಥಳಾಂತರಿಸುವ ನಿರ್ಧಾರ ಸರಕಾರದ್ದಾಗಿತ್ತು. ಬದುಕನ್ನು ಅಲ್ಲಿಯೇ ಕಂಡುಕೊಂಡಿದ್ದ ಅವರಲ್ಲಿ ಹೆಚ್ಚಿನವರು ಹೊರಡಲು ಒಪ್ಪಲಿಲ್ಲ. ಗೋಡೆ ಎಷ್ಟೇ ತಂಪಾಗಿದ್ದರೂ, ವಾಸಿಸುವವನ ಸಮ್ಮತಿಯಿಲ್ಲದೆ ಅದು ಮನೆಯಾಗದು.

ಈ ಇತಿಹಾಸದಲ್ಲಿ ನಮಗೆ ಎರಡು ಪಾಠಗಳಿವೆ. ಇಸ್ರಾಫ್, ಅಂದರೆ ದುಂದುಗಾರಿಕೆ, ಊಟ ಮತ್ತು ಉಡುಪಿಗೆ ಸೀಮಿತವಲ್ಲ. ಗಾಳಿ ಬರುವ ದಿಕ್ಕಿಗೆ ಗಾಜಿನ ಗೋಡೆ ಕಟ್ಟಿ, ಬಳಿಕ ಎ.ಸಿ.ಗಾಗಿ ಚಂದಾ ಎತ್ತುವುದೂ ಇಸ್ರಾಫ್ ಆಗಿದೆ. ಇನ್ನು, ಕೈರೋದ ನಕಲು ನಮಗೆ ಬೇಕಿಲ್ಲ. ಅಲ್ಲಿಯದು ಒಣಹವೆ; ಕರಾವಳಿಯ ತೇವದ ಹವೆಯಲ್ಲಿ ಹೂಜಿಯ ನೀರು ಅಷ್ಟಾಗಿ ತಂಪನ್ನೀಯದು. ಇಲ್ಲಿ ಬೇಕಾದುದು ಮಳೆಗೂ ಬಿಸಿಲಿಗೂ ಅಡ್ಡನಿಲ್ಲುವ ಅಗಲವಾದ ಸೂರು ಮತ್ತು ಎದುರುಬದುರಿನ ಕಿಟಕಿಗಳು.

ಮಸೀದಿ, ಮದ್ರಸಗಳನ್ನು ಕಟ್ಟಲು ಹೊರಟಾಗ ಮಿನಾರದ ಎತ್ತರವನ್ನು ನಿರ್ಧರಿಸುವ ಮುನ್ನ ಬಿಸಿಲು ಎಲ್ಲಿ ಬೀಳುತ್ತದೆ, ಗಾಳಿ ಎಲ್ಲಿಂದ ಬೀಸುತ್ತದೆ ಎಂದು ನಾವು ಕೇಳಿಕೊಳ್ಳೋಣ. ತಗಡಿನಡಿಯಲ್ಲಿ ಬೇಯುವ ಬಡವನ ಮನೆಗೂ ಇದೇ ಪ್ರಶ್ನೆಯನ್ನು ಕೇಳೋಣ. ಉತ್ತರವನ್ನು ಮಾತ್ರ ಆ ಮನೆಯವರೊಡನೆ ಕುಳಿತೇ ಹುಡುಕೋಣ.