ಯೂಸ್‌ನೆಟ್

ಕಂಪ್ಯೂಟರುಗಳ ಮೂಲಕ ವಿಷಯವಾರು ಸಾರ್ವಜನಿಕ ಚರ್ಚೆ ನಡೆಸಲು ಅಮೆರಿಕದಲ್ಲಿ 1979-80ರಲ್ಲಿ ರೂಪುಗೊಂಡ ಸಂದೇಶ ವ್ಯವಸ್ಥೆ. ಇಂದಿನ ಸಾಮಾಜಿಕ ಮಾಧ್ಯಮಗಳ ಎಷ್ಟೋ ರೂಢಿಗಳು ವೆಬ್ ಹುಟ್ಟುವ ಮೊದಲೇ ಇಲ್ಲಿ ಬಳಕೆಗೆ ಬಂದಿದ್ದವು. ಇದಕ್ಕೆ ಮಾಲೀಕರಾಗಲಿ ಕೇಂದ್ರ ಕಚೇರಿಯಾಗಲಿ ಇರಲಿಲ್ಲ. ಯೂಸ್‌ನೆಟ್ ಬೇಗ ಹಬ್ಬಿದ್ದಕ್ಕೂ ಮುಂದೆ ಹದಗೆಟ್ಟದ್ದಕ್ಕೂ ಬಹುಮಟ್ಟಿಗೆ ಇದೇ ಕಾರಣ.

ಹುಟ್ಟು

ಆ ಕಾಲದ ಮುಖ್ಯ ಜಾಲವಾದ ಆರ್ಪಾನೆಟ್‌ಗೆ ರಕ್ಷಣಾ ಇಲಾಖೆಯ ನಂಟಿದ್ದ ಸಂಸ್ಥೆಗಳಿಗೆ ಮಾತ್ರ ಪ್ರವೇಶವಿತ್ತು. ಹೊರಗುಳಿದ ವಿಶ್ವವಿದ್ಯಾಲಯಗಳಿಗೆ ಅಗ್ಗದ ದಾರಿಯೊಂದು ಬೇಕಾಗಿತ್ತು. ಉತ್ತರ ಕೆರೊಲಿನಾದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ 1979ರಲ್ಲಿ ಇದರ ಕಲ್ಪನೆ ಮಾಡಿದರು. ನೆರೆಯ ಚಾಪೆಲ್ ಹಿಲ್‌ನಲ್ಲಿ ಓದುತ್ತಿದ್ದ ಸ್ಟೀವ್ ಬೆಲೋವಿನ್ ಮೊದಲ ತಂತ್ರಾಂಶವನ್ನು ಪುಟ್ಟ ಶೆಲ್ ಸ್ಕ್ರಿಪ್ಟ್ ಆಗಿ ಬರೆದರು. ಸ್ಟೀಫನ್ ಡೇನಿಯಲ್ ಅದನ್ನು ಸಿ ಭಾಷೆಗೆ ತಂದರು. 1980ರ ಜನವರಿಯಲ್ಲಿ ಯುನಿಕ್ಸ್ ಬಳಕೆದಾರರ ಸಮ್ಮೇಳನದಲ್ಲಿ ಇದನ್ನು ಎಲ್ಲರಿಗೂ ಪರಿಚಯಿಸಲಾಯಿತು. ದಿನಕ್ಕೆ ಬೆರಳೆಣಿಕೆಯ ಸಂದೇಶಗಳು ಬರಬಹುದೆಂಬುದು ಅವರ ಅಂದಾಜಾಗಿತ್ತು.

ಕೆಲಸ ಮಾಡುವ ಬಗೆ

ಒಂದು ಕಂಪ್ಯೂಟರು ಮೋಡೆಮ್ ಮೂಲಕ ಇನ್ನೊಂದಕ್ಕೆ ಫೋನ್ ಮಾಡಿ, ಹೊಸ ಸಂದೇಶಗಳನ್ನು ಕೊಟ್ಟು ತನ್ನಲ್ಲಿಲ್ಲದವನ್ನು ಪಡೆಯುತ್ತಿತ್ತು. ಫೋನ್ ದರ ಕಡಿಮೆ ಇರುವ ರಾತ್ರಿಯಲ್ಲೇ ಈ ವಿನಿಮಯ ಹೆಚ್ಚು. ಹೀಗೆ ಕೈಯಿಂದ ಕೈಗೆ ದಾಟಿಕೊಂಡು ಬರಹವೊಂದು ಎಲ್ಲ ಕೇಂದ್ರಗಳನ್ನು ಮುಟ್ಟಲು ಕೆಲವು ದಿನಗಳೇ ಹಿಡಿಯುತ್ತಿದ್ದವು. ಪ್ರಶ್ನೆ ತಲುಪುವ ಮೊದಲೇ ಅದರ ಉತ್ತರ ಬಂದು ಕೂತಿರುವುದೂ ಇತ್ತು. ಪ್ರತಿ ಸಂದೇಶದ ತಲೆಯಲ್ಲಿ ಅದು ದಾಟಿಬಂದ ಯಂತ್ರಗಳ ಹೆಸರುಗಳು ಆಶ್ಚರ್ಯಸೂಚಕ ಚಿಹ್ನೆಗಳ ನಡುವೆ ಸಾಲಾಗಿ ದಾಖಲಾಗುತ್ತಿದ್ದವು. ಆ ಸಾಲಿನಲ್ಲಿ ಹೆಸರಿರುವ ಯಂತ್ರಕ್ಕೆ ಸಂದೇಶವನ್ನು ಮತ್ತೆ ಕಳಿಸುತ್ತಿರಲಿಲ್ಲ. ಸಂದೇಶಕ್ಕೊಂದು ಪ್ರತ್ಯೇಕ ಗುರುತು ಇದ್ದುದರಿಂದ ಬೇರೆ ದಾರಿಯಲ್ಲಿ ಬಂದ ಪ್ರತಿಯೂ ಪತ್ತೆಯಾಗುತ್ತಿತ್ತು. ಡಿಸ್ಕ್‌ನಲ್ಲಿ ಜಾಗ ಕಡಿಮೆಯಾದ್ದರಿಂದ ಹಳೆಯ ಸಂದೇಶಗಳನ್ನು ಕೆಲವು ದಿನ ಅಥವಾ ವಾರಗಳಲ್ಲಿ ಅಳಿಸಲಾಗುತ್ತಿತ್ತು. 1986ರಲ್ಲಿ ಎನ್‌ಎನ್‌ಟಿಪಿ ಎಂಬ ಶಿಷ್ಟಾಚಾರ ಬಂದ ಮೇಲೆ ಈ ಸಾಗಣೆ ಕ್ರಮೇಣ ಇಂಟರ್ನೆಟ್‌ಗೆ ಬದಲಾಯಿತು.

ಗುಂಪುಗಳು ಮತ್ತು ನಡವಳಿಕೆ

ಚರ್ಚೆಯ ತಾಣಗಳಿಗೆ ನ್ಯೂಸ್‌ಗ್ರೂಪ್ ಎಂದು ಹೆಸರು. 1987ರ ಸುಮಾರಿಗೆ ಮುಗಿದ ಮರುನಾಮಕರಣದಲ್ಲಿ ಇವನ್ನು ಕಾಂಪ್, ಮಿಸ್ಕ್, ನ್ಯೂಸ್, ರೆಕ್, ಸೈ, ಸೋಕ್, ಟಾಕ್ ಎಂಬ ಏಳು ಶ್ರೇಣಿಗಳಲ್ಲಿ ಹಂಚಲಾಯಿತು. ಇವುಗಳಲ್ಲಿ ಹೊಸ ಗುಂಪು ಬೇಕಾದರೆ ಮತದಾನ ನಡೆಯುತ್ತಿತ್ತು. ಪರವಾದ ಮತಗಳು ವಿರೋಧಕ್ಕಿಂತ ಕನಿಷ್ಠ 100 ಹೆಚ್ಚಿರಬೇಕು, ಒಟ್ಟಿನಲ್ಲಿ ಮೂರನೇ ಎರಡರಷ್ಟಾದರೂ ಇರಬೇಕು ಎಂಬ ನಿಯಮ ಬಹುಕಾಲ ನಡೆದುಬಂತು. ಈ ಕಟ್ಟುಪಾಡು ಒಪ್ಪದವರು ಅದೇ 1987ರಲ್ಲಿ ಆಲ್ಟ್ ಎಂಬ ಪ್ರತ್ಯೇಕ ಶ್ರೇಣಿ ಶುರುಮಾಡಿದರು.

ಪದೇ ಪದೇ ಬರುವ ಪ್ರಶ್ನೆಗಳಿಗೆ ಸಿದ್ಧ ಉತ್ತರಗಳನ್ನು ಜೋಡಿಸಿ ಆಗಾಗ ಪ್ರಕಟಿಸುವ ರೂಢಿ ಇಲ್ಲಿ ಬಲವಾಗಿ ಬೇರೂರಿತು. ಬೇಡವಾದವರ ಬರಹ ಕಣ್ಣಿಗೆ ಬೀಳದಂತೆ ಮಾಡುವ ‘ಕಿಲ್ ಫೈಲ್’ ಇಂದಿನ ‘ಮ್ಯೂಟ್’ ಗುಂಡಿಯ ಪೂರ್ವಜ. ಕೆಲವು ಗುಂಪುಗಳಲ್ಲಿ ಬರಹಗಳು ಮೊದಲು ಮಾಡರೇಟರ್ ಕೈಗೆ ಹೋಗಿ, ಒಪ್ಪಿಗೆಯಾದ ಮೇಲಷ್ಟೇ ಪ್ರಕಟವಾಗುತ್ತಿದ್ದವು. 1991ರ ಆಗಸ್ಟ್‌ನಲ್ಲಿ ಟಿಮ್ ಬರ್ನರ್ಸ್-ಲೀ ತಮ್ಮ ವೆಬ್ ಯೋಜನೆಯನ್ನೂ, ಲೀನಸ್ ಟೊರ್ವಾಲ್ಡ್ಸ್ ಮುಂದೆ ಲಿನಕ್ಸ್ ಎನಿಸಿದ ತಮ್ಮ ಕೆಲಸವನ್ನೂ ಇಂಥ ಗುಂಪುಗಳಲ್ಲೇ ತಿಳಿಸಿದರು. ಸಿನಿಮಾ ಮಾಹಿತಿಯ ತಾಣವಾದ ಐಎಂಡಿಬಿ ಮೊಳೆತದ್ದೂ ಇಂಥದೇ ಒಂದು ಸಿನಿಮಾ ಗುಂಪಿನಲ್ಲಿ.

ಭಾರತೀಯರು ಮತ್ತು ಕನ್ನಡಿಗರು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 1980ರ ದಶಕದಲ್ಲೇ ಇಲ್ಲಿ ಸೇರಿದ್ದರು. ಮೊದಲು ನೆಟ್.ಎನ್‌ಲ್ಯಾಂಗ್.ಇಂಡಿಯಾ ಎಂದಿದ್ದ ಗುಂಪು ಮರುನಾಮಕರಣದ ನಂತರ ಸೋಕ್.ಕಲ್ಚರ್.ಇಂಡಿಯನ್ ಆಯಿತು. ಮುಂದೆ ಭಾಷೆ, ಪ್ರಾಂತಗಳಿಗೆ ಬೇರೆ ಬೇರೆ ಗುಂಪುಗಳು ಬಂದಾಗ ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ ಕೂಡ ಬಳಕೆಗೆ ಬಂತು. ಯೂಸ್‌ನೆಟ್ ಇಂಗ್ಲಿಷಿನ ಅಕ್ಷರಗಳನ್ನು ಲೆಕ್ಕದಲ್ಲಿಟ್ಟು ಕಟ್ಟಿದ ವ್ಯವಸ್ಥೆ. ಕನ್ನಡದ ಮಾತು ಬರೆಯಬೇಕಾದರೆ ರೋಮನ್ ಅಕ್ಷರಗಳಲ್ಲೇ ಬರೆಯಬೇಕಿತ್ತು. ದೀರ್ಘ ಸ್ವರಕ್ಕೆ ಅಕ್ಷರವನ್ನು ಎರಡು ಸಲ ಒತ್ತುವುದು, ಳಕಾರ ಣಕಾರಗಳಿಗೆ ದೊಡ್ಡಕ್ಷರ ಬಳಸುವುದು ಇತ್ತು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್ನೆಟ್ ಸೇವೆ ತೆರೆದದ್ದು 1995ರ ಆಗಸ್ಟ್ 15ರಂದು. ಹೀಗಾಗಿ ಈ ಗುಂಪುಗಳಲ್ಲಿ ಮೊದಮೊದಲು ಹೊರನಾಡಿನವರ ದನಿಯೇ ಹೆಚ್ಚಾಗಿತ್ತು.

ಇಳಿಗಾಲ

ಪ್ರತಿ ಸೆಪ್ಟೆಂಬರ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬಂದು ರೀತಿನೀತಿ ಅರಿಯದೆ ಗಲಿಬಿಲಿ ಎಬ್ಬಿಸುವುದು, ತಿಂಗಳೊಪ್ಪತ್ತಿನಲ್ಲಿ ಹಳಬರಿಂದ ಕಲಿತು ಹೊಂದಿಕೊಳ್ಳುವುದು ವಾಡಿಕೆಯಾಗಿತ್ತು. 1993-94ರಲ್ಲಿ ಅಮೆರಿಕಾ ಆನ್‌ಲೈನ್‌ನಂಥ ವಾಣಿಜ್ಯ ಸೇವೆಗಳು ಬಾಗಿಲು ತೆರೆದ ಮೇಲೆ ಹೊಸಬರ ಪ್ರವಾಹ ನಿಲ್ಲಲೇ ಇಲ್ಲ. ಹಳಬರು ಇದನ್ನು ‘ಮುಗಿಯದ ಸೆಪ್ಟೆಂಬರ್’ ಎಂದು ಕರೆದರು. 1994ರ ಏಪ್ರಿಲ್‌ನಲ್ಲಿ ಅರಿಜೋನಾದ ವಕೀಲ ದಂಪತಿ ಕ್ಯಾಂಟರ್ ಮತ್ತು ಸೀಗಲ್ ಗ್ರೀನ್ ಕಾರ್ಡ್ ಕುರಿತ ತಮ್ಮ ಜಾಹೀರಾತನ್ನು ಸಾವಿರಾರು ಗುಂಪುಗಳಿಗೆ ಸುರಿದರು. ಇಡೀ ಜಾಲದಿಂದ ಅವರನ್ನು ಹೊರಹಾಕುವ ಅಧಿಕಾರ ಯಾರಿಗೂ ಇರಲಿಲ್ಲ. ಸಂದೇಶ ರದ್ದುಮಾಡುವ ಸೌಲಭ್ಯವಿತ್ತಾದರೂ ಅದನ್ನು ಯಾರ ಹೆಸರಿನಲ್ಲಿ ಬೇಕಾದರೂ ನಕಲು ಮಾಡಬಹುದಿತ್ತು. ಚರ್ಚೆಗಿಂತ ದೊಡ್ಡ ಕಡತಗಳ ಸಾಗಣೆಯೇ ಹೆಚ್ಚಾದಾಗ ಸರ್ವರ್ ನಡೆಸುವ ಖರ್ಚು ಏರಿತು. ಅನೇಕ ಸೇವಾ ಸಂಸ್ಥೆಗಳು ಕೈಬಿಟ್ಟವು. ಜನ ವೆಬ್ ವೇದಿಕೆಗಳಿಗೆ, ಬ್ಲಾಗುಗಳಿಗೆ ಹೋದರು. ಅಲ್ಲಿ ಪ್ರತಿ ತಾಣಕ್ಕೂ ಒಬ್ಬ ಯಜಮಾನನಿದ್ದ; ಜಾಹೀರಾತು ಸುರಿಯುವವರನ್ನು ಅವನು ತಡೆಯಬಲ್ಲವನಾಗಿದ್ದ, ತನಗಾಗದ ಮಾತನ್ನೂ ಅಳಿಸಬಲ್ಲವನಾಗಿದ್ದ.

ಉಳಿದದ್ದು

ಟೊರಾಂಟೊ ವಿಶ್ವವಿದ್ಯಾಲಯದ ಹೆನ್ರಿ ಸ್ಪೆನ್ಸರ್ ಟೇಪುಗಳಲ್ಲಿ ಕಾಪಿಟ್ಟಿದ್ದ 1981-91ರ ಸಂದೇಶಗಳಿಂದಾಗಿ ಆರಂಭಕಾಲದ ದಾಖಲೆ ಉಳಿಯಿತು. ಡೆಜಾ ನ್ಯೂಸ್ ಎಂಬ ವೆಬ್ ತಾಣ 1995ರಿಂದ ಕೂಡಿಸಿದ ಸಂಗ್ರಹವನ್ನು ಗೂಗಲ್ 2001ರಲ್ಲಿ ಕೊಂಡು ತನ್ನ ಗೂಗಲ್ ಗ್ರೂಪ್ಸ್ ಸೇವೆಯಲ್ಲಿ ಇರಿಸಿತು. ಡ್ಯೂಕ್ ವಿಶ್ವವಿದ್ಯಾಲಯ 2010ರ ಮೇ ತಿಂಗಳಲ್ಲಿ ತನ್ನ ಸರ್ವರ್ ನಿಲ್ಲಿಸಿತು. 2024ರ ಫೆಬ್ರವರಿಯಿಂದ ಗೂಗಲ್ ಗ್ರೂಪ್ಸ್‌ನಲ್ಲಿ ಹಳೆಯ ಸಂದೇಶಗಳನ್ನು ಓದಬಹುದೇ ಹೊರತು ಯೂಸ್‌ನೆಟ್‌ಗೆ ಹೊಸದಾಗಿ ಬರೆಯಲಾಗದು. ಬೇರೆ ಸರ್ವರ್‌ಗಳಲ್ಲಿ ಕೆಲವು ಗುಂಪುಗಳು ಈಗಲೂ ನಡೆಯುತ್ತಿವೆ.