27 ಸಾಲಿನ ಕೋಡ್, 50 ವರ್ಷದ ತಲೆನೋವು

ಕೆಲಸಕ್ಕೆ ಸೇರಿ ಎರಡನೇ ವಾರ ಇರಬೇಕು. ದಿನಾ ಬೆಳಗ್ಗೆ ಅದೇ ಮಾರುದ್ದದ ಫೋಲ್ಡರ್ ವಿಳಾಸ ಟೈಪ್ ಮಾಡಿ ಮಾಡಿ ಬೇಜಾರಾಗಿತ್ತು. ಬುದ್ಧಿವಂತಿಕೆ ತೋರಿಸೋಣ ಅಂತ ಒಂದು ಶೆಲ್ ಸ್ಕ್ರಿಪ್ಟ್ ಬರೆದೆ. ಒಳಗಿದ್ದದ್ದು ಒಂದೇ ಸಾಲು: ಸಿಡಿ, ಅದರ ಮುಂದೆ ಪ್ರಾಜೆಕ್ಟ್ ಫೋಲ್ಡರಿನ ವಿಳಾಸ. ಓಡಿಸಿದೆ. ಎರರ್ ಬರಲಿಲ್ಲ. ಪಿಡಬ್ಲ್ಯುಡಿ ಕಮಾಂಡ್ ಹಾಕಿ ನೋಡಿದೆ (ರಸ್ತೆ ಗುಂಡಿ ಮುಚ್ಚುವ ಇಲಾಖೆಯಲ್ಲ, ಈಗ ಯಾವ ಫೋಲ್ಡರಿನಲ್ಲಿ ಇದ್ದೀಯ ಅಂತ ಹೇಳೋದು). ನಾನು ಎಲ್ಲಿದ್ದೆನೋ ಅಲ್ಲೇ ಇದ್ದೆ.

ಮತ್ತೆ ಓಡಿಸಿದೆ. ಸ್ಪೆಲ್ಲಿಂಗ್ ನೋಡಿದೆ. ಪರ್ಮಿಷನ್ ನೋಡಿದೆ. ಅದೇ ಸಾಲನ್ನು ಕೈಯಲ್ಲಿ ಟೈಪ್ ಮಾಡಿದರೆ ಕೆಲಸ ಮಾಡುತ್ತೆ, ಸ್ಕ್ರಿಪ್ಟಿನಲ್ಲಿ ಹಾಕಿದರೆ ಇಲ್ಲ. ಪಕ್ಕದವರನ್ನು ಕೇಳೋಣ ಅಂದರೆ ನಾಚಿಕೆ. ಬಿಇ ಮೊದಲ ವರ್ಷಕ್ಕೆ ಬರುವ ತನಕ ಕಂಪ್ಯೂಟರ್ ಮುಟ್ಟಿದ್ದೇ ಅಪರೂಪವಾಗಿದ್ದ ನನಗೆ ಒಂದು ಅನುಮಾನ ಯಾವಾಗಲೂ ಇತ್ತು. ಈ ಪೇಟೆ ಹುಡುಗರೆಲ್ಲ ಇದನ್ನು ಹುಟ್ಟುತ್ತಲೇ ಕಲಿತು ಬಂದಿದ್ದಾರೆ, ಗೊತ್ತಿಲ್ಲದವನು ನಾನೊಬ್ಬನೇ ಅಂತ. ಒಂದು ಗಂಟೆ ಒದ್ದಾಡಿದ ಮೇಲೆ ಹಿಂದಿನ ಸೀಟಿನಲ್ಲಿದ್ದ ಧಾರವಾಡದ ಕಡೆಯ ಸೀನಿಯರ್ ಗಮನಿಸಿದರು. ಸ್ಕ್ರೀನ್ ನೋಡಿ ನಕ್ಕರು.

"ಏ ತಮ್ಮಾ, ಇದಕ್ಕ್ಯಾಕ ಮಾರಿ ಸಣ್ಣ ಮಾಡ್ಕೊಂಡಿ? ಯುನಿಕ್ಸ್ ಬರದವ್ರಿಗೇ ಈ ತ್ರಾಸು ಆಗಿತ್ತು."

ಸಮಾಧಾನಕ್ಕೆ ಹೇಳಿದ ಮಾತು ಅಂದುಕೊಂಡೆ. ಅದು ನಿಜ ಅಂತ ಗೊತ್ತಾಗಿದ್ದು ತುಂಬಾ ದಿನ ಆದಮೇಲೆ, ಡೆನ್ನಿಸ್ ರಿಚಿ ಯುನಿಕ್ಸ್ ಬೆಳೆದ ಬಗೆಯ ಬಗ್ಗೆ ಬರೆದ ಪ್ರಬಂಧ ಓದಿದಾಗ.

ಕಥೆ ಶುರುವಾಗೋದು 1969ರಲ್ಲಿ, ಅಮೆರಿಕದ ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ. ಮಲ್ಟಿಕ್ಸ್ ಅನ್ನೋ ದೊಡ್ಡ ಆಪರೇಟಿಂಗ್ ಸಿಸ್ಟಮ್ ಯೋಜನೆಯಿಂದ ಬೆಲ್ ಲ್ಯಾಬ್ಸ್ ಆ ವರ್ಷ ಕೈ ತೆಗೆಯಿತು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಮತ್ತು ಇನ್ನೂ ಕೆಲವರಿಗೆ ಒಳ್ಳೆಯ ಮಷೀನ್ ಇಲ್ಲದಂತಾಯಿತು. ಹೊಸದನ್ನು ಕೊಡಿಸಿ ಅಂತ ಕೇಳಿದರೆ ಮೇಲಿನವರು ಒಪ್ಪಲಿಲ್ಲ. ಕೊನೆಗೆ ಥಾಂಪ್ಸನ್‌ಗೆ ಸಿಕ್ಕಿದ್ದು ಯಾರೂ ಹೆಚ್ಚು ಬಳಸದೆ ಬಿದ್ದಿದ್ದ ಪಿಡಿಪಿ-7. ಅದರ ಮೆಮೊರಿ 18 ಬಿಟ್‌ನ 8 ಸಾವಿರ ಚಿಲ್ಲರೆ ಪದಗಳು, ಅಂದರೆ ಇವತ್ತಿನ ಲೆಕ್ಕದಲ್ಲಿ 20 ಕೆಬಿಯೂ ಇಲ್ಲ. ಹೆಂಡತಿ ಮಗುವನ್ನು ಕರೆದುಕೊಂಡು ಅತ್ತೆ-ಮಾವನನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದ ಮೂರು ವಾರಗಳಲ್ಲಿ ಥಾಂಪ್ಸನ್ ಒಬ್ಬನೇ ಕೂತು ಒಂದು ಆಪರೇಟಿಂಗ್ ಸಿಸ್ಟಮ್ಮಿನ ರೂಪ ಮೂಡಿಸಿದ. ಯುನಿಕ್ಸ್ ಹುಟ್ಟಿದ್ದು ಹೀಗೆ.

ಆ ಮೊದಲ ಯುನಿಕ್ಸ್‌ನಲ್ಲಿ ಇವತ್ತಿನ ಹಾಗೆ ನೂರಾರು ಪ್ರಾಸೆಸ್ ಇರಲಿಲ್ಲ. ಮಷೀನಿಗೆ ಇದ್ದದ್ದು ಎರಡು ಟರ್ಮಿನಲ್, ಒಂದೊಂದಕ್ಕೆ ಒಂದೊಂದೇ ಪ್ರಾಸೆಸ್. ನೀವು ಕಮಾಂಡ್ ಕೊಟ್ಟರೆ ಶೆಲ್ ತನ್ನ ಜಾಗವನ್ನೇ ಆ ಪ್ರೋಗ್ರಾಮಿಗೆ ಬಿಟ್ಟುಕೊಡುತ್ತಿತ್ತು. ಪ್ರೋಗ್ರಾಮ್ ಮುಗಿದ ಮೇಲೆ ಶೆಲ್ ಡಿಸ್ಕಿನಿಂದ ಮತ್ತೆ ಬಂದು ಅದೇ ಜಾಗದಲ್ಲಿ ಕೂರುತ್ತಿತ್ತು. ಕುರ್ಚಿ ಒಂದೇ, ಕೂರುವವರು ಬದಲಾಗುತ್ತಿದ್ದರು ಅಷ್ಟೇ.

ಆಮೇಲೆ ಬಂತು ಫೋರ್ಕ್. ಓಡುತ್ತಿರುವ ಪ್ರಾಸೆಸ್ ತನ್ನದೇ ನಕಲು ಮಾಡಿ ಒಂದು ಮಗುವನ್ನು ಹುಟ್ಟಿಸುವ ಉಪಾಯ. ಬರ್ಕ್ಲಿಯ ಒಂದು ಟೈಮ್-ಶೇರಿಂಗ್ ಸಿಸ್ಟಮ್‌ನಲ್ಲಿ ಇಂಥದ್ದು ಆಗಲೇ ಇತ್ತು. ಪ್ರಾಸೆಸ್ಸನ್ನು ಮೆಮೊರಿಯಿಂದ ಡಿಸ್ಕಿಗೆ ಬರೆದಿಡುವ ವ್ಯವಸ್ಥೆ ಪಿಡಿಪಿ-7ರಲ್ಲೂ ಮೊದಲೇ ಇದ್ದದ್ದರಿಂದ ನಕಲು ಮಾಡುವುದು ಕಷ್ಟವಾಗಲಿಲ್ಲ. ರಿಚಿ ಲೆಕ್ಕ ಇಟ್ಟಿದ್ದಾನೆ: ಫೋರ್ಕ್‌ಗೆ ಬೇಕಾದದ್ದು ಸರಿಯಾಗಿ 27 ಸಾಲು ಅಸೆಂಬ್ಲಿ ಕೋಡ್. ಇವತ್ತು ನಿಮ್ಮ ಲ್ಯಾಪ್‌ಟಾಪು, ಆಂಡ್ರಾಯ್ಡ್ ಫೋನು, ಕ್ಲೌಡ್ ಸರ್ವರು ಎಲ್ಲದರ ಒಳಗೂ ಇರುವ ಈ ಅಪ್ಪ-ಮಗ ಪ್ರಾಸೆಸ್‌ಗಳ ಸಂಸಾರ ಒಂದೆರಡು ದಿನದಲ್ಲಿ ತಯಾರಾಯಿತು.

ಎಲ್ಲರೂ ಖುಷಿಯಲ್ಲಿರುವಾಗ ಯಾರೋ ಗಮನಿಸಿದರು. ಡೈರೆಕ್ಟರಿ ಬದಲಾಯಿಸುವ ಕಮಾಂಡ್, ಅಂದರೆ ನಮ್ಮ ಸಿಡಿಯ ಅಜ್ಜ, ಕೆಲಸ ಮಾಡುತ್ತಿಲ್ಲ! ಎರರ್ ಇಲ್ಲ, ಆದರೆ ಇದ್ದಲ್ಲೇ ಇರುತ್ತಾರೆ. ಅದರ ಕೋಡನ್ನು ಯಾರೂ ಮುಟ್ಟಿರಲಿಲ್ಲ. ಫೋರ್ಕ್‌ಗೂ ಡೈರೆಕ್ಟರಿಗೂ ಏನು ಸಂಬಂಧ? ಹೊಸ 27 ಸಾಲು ಯಾವ ದಾರಿಯಲ್ಲಿ ಹೋಗಿ ಇದನ್ನು ಕೆಡಿಸಿತು? ಕಳವಳದಿಂದ ಕೋಡನ್ನು ಮತ್ತೆ ಮತ್ತೆ ಓದಿದರಂತೆ.

ಕೊನೆಗೆ ಸಿಕ್ಕ ಉತ್ತರ ಇಷ್ಟೇ. ಮೊದಲು ಎಲ್ಲರೂ ಒಂದೇ ಕುರ್ಚಿಯಲ್ಲಿ ಕೂರುತ್ತಿದ್ದರಿಂದ ಡೈರೆಕ್ಟರಿ ಬದಲಾಯಿಸಿದರೆ ಆಮೇಲೆ ಬಂದು ಕೂತ ಶೆಲ್‌ಗೂ ಅದೇ ಸಿಗುತ್ತಿತ್ತು. ಈಗ ಶೆಲ್ ಒಂದು ಮಗುವನ್ನು ಹುಟ್ಟಿಸುತ್ತೆ. ಮಗು ತನ್ನ ಡೈರೆಕ್ಟರಿಯನ್ನು ಸರಿಯಾಗಿಯೇ ಬದಲಾಯಿಸಿಕೊಳ್ಳುತ್ತೆ, ಮರುಕ್ಷಣ ಸಾಯುತ್ತೆ. ಅಪ್ಪ ಇದ್ದಲ್ಲೇ ಇರುತ್ತಾನೆ. ನಾನು ಊರು ಬಿಟ್ಟು ಬೆಂಗಳೂರಿಗೆ ಬಂದೆ ಅಂತ ನಮ್ಮಪ್ಪ ಹೊಲ ಬಿಟ್ಟು ಬರಲಿಲ್ಲವಲ್ಲ, ಹಾಗೆ.

ಕೋಡಿನಲ್ಲಿ ಬಗ್ ಇರಲಿಲ್ಲ ಅನ್ನೋದೇ ಇದರ ತಮಾಷೆ. ಕಮಾಂಡ್ ಸರಿ, ಫೋರ್ಕ್ ಸರಿ, ಎರಡೂ ಸೇರಿದಾಗ ತಪ್ಪು. ಪರಿಹಾರವಾಗಿ ಅದನ್ನು ಪ್ರತ್ಯೇಕ ಪ್ರೋಗ್ರಾಮ್ ಆಗಿ ಇಡದೆ ಶೆಲ್ಲೇ ಖುದ್ದಾಗಿ ಮಾಡುವ ಕೆಲಸವನ್ನಾಗಿ ಮಾಡಿದರು. ಇವತ್ತಿಗೂ ಹಾಗೇ ಇದೆ. ನನ್ನ ಸ್ಕ್ರಿಪ್ಟ್ ಸೋತಿದ್ದೂ ಇದೇ ಕಾರಣಕ್ಕೆ. ಸ್ಕ್ರಿಪ್ಟ್ ಓಡಿಸಲು ಹೊಸ ಶೆಲ್ ಹುಟ್ಟಿತು, ಅದು ಪ್ರಾಜೆಕ್ಟ್ ಫೋಲ್ಡರಿಗೆ ಹೋಯಿತು, ಅಲ್ಲೇ ತೀರಿಕೊಂಡಿತು. ಸ್ಕ್ರಿಪ್ಟನ್ನು ಸೋರ್ಸ್ ಮಾಡಿದರೆ ಸಾಕು, ಇರುವ ಶೆಲ್ಲೇ ಅದನ್ನು ಓದುತ್ತೆ. ಸ್ಕ್ರಿಪ್ಟಿನಲ್ಲಿ ಎಕ್ಸ್‌ಪೋರ್ಟ್ ಮಾಡಿದ ವೇರಿಯಬಲ್ ಹೊರಗೆ ಸಿಗಲ್ಲ ಅಂತ ತಲೆ ಕೆರೆದುಕೊಂಡಿದ್ದರೆ ಅದಕ್ಕೂ ಇದೇ ಉತ್ತರ.

ಫೋರ್ಕ್ ತಂದ ತಾಪತ್ರಯ ಇನ್ನೊಂದಿತ್ತು. ಎರಡು ಕಮಾಂಡ್ ಇರುವ ಸ್ಕ್ರಿಪ್ಟಿನ ಔಟ್‌ಪುಟ್ಟನ್ನು ಒಂದೇ ಫೈಲಿಗೆ ಕಳಿಸಿದರೆ ಮೊದಲನೆಯದು ಬರೆದದ್ದರ ಮೇಲೇ ಎರಡನೆಯದು ಬರೆಯುತ್ತಿತ್ತು. ಫೈಲಿನಲ್ಲಿ ಎಲ್ಲಿಯ ತನಕ ಬರೆದಾಗಿದೆ ಅನ್ನೋ ಗುರುತು ಪ್ರಾಸೆಸ್ಸಿನ ಒಳಗೇ ಇರುತ್ತಿದ್ದದ್ದರಿಂದ ಮಗು ಸತ್ತಾಗ ಗುರುತೂ ಹೋಗುತ್ತಿತ್ತು. ಆ ಗುರುತನ್ನು ಪ್ರಾಸೆಸ್‌ಗಳಿಂದ ಹೊರಗೆ, ಸಿಸ್ಟಮ್ಮಿನ ಒಂದು ಪಟ್ಟಿಯಲ್ಲಿ ಇಟ್ಟು ಸರಿ ಮಾಡಿದರು. ನಿಮ್ಮ ಸ್ಕ್ರಿಪ್ಟಿನ ಲಾಗ್ ಸಾಲಾಗಿ ಬೀಳುತ್ತಿರುವುದರ ಹಿಂದೆ ಆ ದುರಸ್ತಿ ಇದೆ.

ಈಗ ಡಿಸ್ಕಿನ ಕಥೆ. ಪೇಟೆಂಟ್ ವಿಭಾಗದವರ ದಾಖಲೆ ಟೈಪ್ ಮಾಡುವ ಸಿಸ್ಟಮ್ ಮಾಡಿಕೊಡುತ್ತೇವೆ ಅಂತ ಹೇಳಿ ಈ ತಂಡ ಒಂದು ಪಿಡಿಪಿ-11 ಗಿಟ್ಟಿಸಿಕೊಂಡಿತು. 1970ರ ಬೇಸಿಗೆಯಲ್ಲಿ ಮಷೀನ್ ಬಂತು, ಡಿಸ್ಕ್ ಬರಲಿಲ್ಲ. ಡಿಸ್ಕ್ ಬಂದದ್ದು ಡಿಸೆಂಬರಿನಲ್ಲಿ. ಅಲ್ಲಿಯ ತನಕ ಆ ದುಬಾರಿ ಯಂತ್ರ ಮೂರು ತಿಂಗಳು ಮಾಡಿದ ಕೆಲಸ ಅಂದರೆ 6 × 8 ಮನೆಗಳ ಚದುರಂಗದ ಹಾಸಿನಲ್ಲಿ ಕುದುರೆ ಎಲ್ಲ ಮನೆಗಳನ್ನೂ ಒಂದೊಂದು ಸಲ ಮುಟ್ಟಿ ಹೊರಟಲ್ಲಿಗೇ ಬರುವ ದಾರಿಗಳನ್ನು ಎಣಿಸಿದ್ದು. (ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಈ ಕುದುರೆ ನಡೆಯ ಒಗಟಿನ ಹುಚ್ಚಿತ್ತು. ಅವರ ಹತ್ತಿರ ಪಿಡಿಪಿ-11 ಇರಲಿಲ್ಲ.)

ಬಂದ ಡಿಸ್ಕ್ ಎಷ್ಟು ದೊಡ್ಡದು? 512 ಕೆಬಿ. ನಿಮ್ಮ ಮೊಬೈಲ್ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಯಲ್ಲ. ಮೆಮೊರಿ 24 ಕೆಬಿ, ಅದರಲ್ಲಿ 16 ಸಿಸ್ಟಮ್‌ಗೇ ಹೋಗುತ್ತಿತ್ತು. ಅದೇ ಮಷೀನಿನಲ್ಲಿ ಪೇಟೆಂಟ್ ವಿಭಾಗದ ಟೈಪಿಸ್ಟ್‌ಗಳೂ ಕೆಲಸ ಮಾಡಬೇಕು, ಇವರೂ ಹೊಸ ಪ್ರೋಗ್ರಾಮ್ ಪರೀಕ್ಷಿಸಬೇಕು. ಒಂದು ಪ್ರೋಗ್ರಾಮ್ ಎಡವಿದರೆ ಇಡೀ ಸಿಸ್ಟಮ್ ಮಲಗುವ ಸಾಧ್ಯತೆ ಇತ್ತು. ಟೈಪಿಸ್ಟ್‌ಗಳು ಕೆಲವು ಗಂಟೆ ಕೆಲಸ ಮಾಡಿದರೆ ಡಿಸ್ಕ್ ತುಂಬುತ್ತಿತ್ತು, ಹಳೆಯದನ್ನು ಟೇಪಿಗೆ ಸಾಗಿಸಬೇಕಿತ್ತು. ಪ್ರೊಡಕ್ಷನ್ ಮಷೀನಿನಲ್ಲೇ ಟೆಸ್ಟಿಂಗ್, ಮೇಲೆ ಡಿಸ್ಕ್ ಫುಲ್! ಎಲ್ಲೋ ಕೇಳಿದ ಹಾಗಿದೆ ಅಲ್ವಾ?

ಇಂಥ ಮಷೀನಿನಲ್ಲಿ ಬದುಕಿದವರು 1971ರ ಮೊದಲ ಕೈಪಿಡಿಯಲ್ಲೇ ಡಿಎಫ್ ಮತ್ತು ಡಿಯು ಎರಡನ್ನೂ ಕೊಟ್ಟದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಎರಡು ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಒಂದು ಕೆಟ್ಟ ರಾತ್ರಿ.

ಕೆಲಸಕ್ಕೆ ಸೇರಿ ಎರಡು ವರ್ಷ ಆಗಿತ್ತು. ನಾನು ಒಬ್ಬನೇ ಆನ್-ಕಾಲ್. ರಾತ್ರಿ ಒಂದೂವರೆಗೆ ಫೋನ್: ಗ್ರಾಹಕರ ಬಿಲ್ಲಿಂಗ್ ನಿಂತಿದೆ. ನೋಡಿದರೆ ಸರ್ವರ್ ಡಿಸ್ಕ್ ನೂರಕ್ಕೆ ನೂರು ಭರ್ತಿ. ಬೆಳೆದು ಬೆಟ್ಟವಾಗಿದ್ದ ಒಂದು ಲಾಗ್ ಫೈಲ್ ಸಿಕ್ಕಿತು. ಆರ್‌ಎಂ ಹೊಡೆದೆ. ಡಿಎಫ್ ನೋಡಿದೆ, ಇನ್ನೂ ನೂರು. ಡಿಯು ಹಾಕಿ ಕೂಡಿಸಿದರೆ ಅರ್ಧ ಡಿಸ್ಕೂ ಬಳಕೆಯಾಗಿಲ್ಲ ಅಂತಿದೆ. ಫೈಲ್ ಹೋಯಿತು, ಜಾಗ ಬರಲಿಲ್ಲ. ಇನ್ನೇನೋ ಅಳಿಸಿಬಿಟ್ಟೆನಾ? ಡಿಸ್ಕೇ ಹಾಳಾಯಿತಾ? ಕೈ ನಡುಗುತ್ತಿತ್ತು. ಕೆಲಸ ಹೋದರೆ ಎಜುಕೇಶನ್ ಲೋನ್ ಕಂತು ಯಾರು ಕಟ್ಟುತ್ತಾರೆ ಅನ್ನೋ ಲೆಕ್ಕವೂ ತಲೆಯಲ್ಲಿ ಓಡುತ್ತಿತ್ತು. ಸರ್ವರ್ ರೀಬೂಟ್ ಮಾಡಿಬಿಡೋಣ ಅನ್ನುವಷ್ಟರಲ್ಲಿ, ಬೈಸಿಕೊಂಡರೂ ಪರವಾಗಿಲ್ಲ ಅಂತ ಧಾರವಾಡದ ಸೀನಿಯರ್‌ಗೆ ಫೋನ್ ಮಾಡಿದೆ.

ನಿದ್ದೆಗಣ್ಣಲ್ಲೇ ಕೇಳಿದರು. "ಫೈಲ್ ತಗದಿ, ಖರೆ. ಅದನ್ನ ಹಿಡ್ಕೊಂಡು ಕುಂತವ್ರು ಯಾರು ಅಂತ ನೋಡಿದೇನು?"

ಎಲ್‌ಎಸ್‌ಒಎಫ್ ಹಾಕಿಸಿದರು. ನಾನು ಅಳಿಸಿದ ಫೈಲ್ ಅಲ್ಲೇ ಇತ್ತು. ಮುಂದೆ 'ಡಿಲೀಟೆಡ್' ಅಂತ ಹಣೆಪಟ್ಟಿ, ಅದನ್ನು ತೆರೆದುಕೊಂಡೇ ಬರೆಯುತ್ತಿದ್ದ ಪ್ರಾಸೆಸ್ಸಿನ ನಂಬರು. ಆ ಒಂದು ಸರ್ವಿಸ್ ರೀಸ್ಟಾರ್ಟ್ ಮಾಡಿದ ಕೂಡಲೇ ಡಿಸ್ಕ್ ಸರ್ರಂತ ಇಳಿಯಿತು.

ಇದರ ಬೇರು ಪಿಡಿಪಿ-7ರ ತನಕ ಹೋಗುತ್ತೆ. ಯುನಿಕ್ಸ್‌ನಲ್ಲಿ ಫೈಲಿನ ಹೆಸರು ಬೇರೆ, ಫೈಲ್ ಬೇರೆ. ನಿಜವಾದ ಫೈಲ್‌ಗೆ ಇರೋದು ಒಂದು ನಂಬರ್, ಐನೋಡ್. ಡೈರೆಕ್ಟರಿ ಅಂದರೆ ಯಾವ ಹೆಸರಿಗೆ ಯಾವ ನಂಬರ್ ಅನ್ನೋ ರಿಜಿಸ್ಟರ್ ಅಷ್ಟೇ. ನಮ್ಮೂರಲ್ಲಿ ಒಬ್ಬನೇ ಮನುಷ್ಯ ಓಣಿಯವರಿಗೆ ಮಂಜ, ಶಾಲೆಯ ದಾಖಲೆಯಲ್ಲಿ ಮಂಜುನಾಥ, ರೇಷನ್ ಕಾರ್ಡಿನಲ್ಲಿ ಮಂಜಯ್ಯ. ರೇಷನ್ ಕಾರ್ಡಿನಿಂದ ಹೆಸರು ಹೊಡೆದರೆ ಮನುಷ್ಯ ಮಾಯವಾಗಲ್ಲ. ಅದಕ್ಕೇ ಆರ್‌ಎಂ ಒಳಗೆ ಕರೆಯುವ ಸಿಸ್ಟಮ್ ಕಾಲಿನ ಹೆಸರು ಡಿಲೀಟ್ ಅಲ್ಲ, ಅನ್‌ಲಿಂಕ್. ಅದು ಹೆಸರಿನ ಕೊಂಡಿ ಬಿಚ್ಚುತ್ತೆ. ಎಲ್ಲ ಹೆಸರುಗಳೂ ಹೋಗಿ, ತೆರೆದುಕೊಂಡಿರುವ ಕೊನೆಯ ಪ್ರಾಸೆಸ್ಸೂ ಕೈ ಬಿಟ್ಟ ಮೇಲೆಯೇ ಜಾಗ ವಾಪಸ್. ಈ ಮಾತನ್ನು 1970ರ ದಶಕದ ಕೈಪಿಡಿಯಲ್ಲೇ ಬರೆದಿಟ್ಟಿದ್ದಾರೆ. ಡಿಯು ಹೆಸರುಗಳ ಹಿಂದೆ ನಡೆದು ಕೂಡಿಸುತ್ತೆ, ಡಿಎಫ್ ಖಾಲಿ ಜಾಗ ಎಷ್ಟಿದೆ ಅಂತ ಫೈಲ್ ಸಿಸ್ಟಮ್ಮನ್ನೇ ಕೇಳುತ್ತೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಹೆಸರಿಲ್ಲದ ಫೈಲನ್ನು ಯಾರೋ ಹಿಡಿದು ಕೂತಿದ್ದಾರಾ ಅಂತ ಮೊದಲು ನೋಡಿ.

ಆ ಮೊದಲ ಕೈಪಿಡಿಯ ಬಗ್ಗೆ ಇನ್ನೊಂದು ಮಾತು. 1971ರ ನವೆಂಬರ್ 3ರ ತಾರೀಕು ಇರುವ ಆ ಪುಸ್ತಕದಲ್ಲಿ ಕಮಾಂಡುಗಳ ವಿವರಣೆಯ ಕೊನೆಗೆ 'ಬಗ್ಸ್' ಅನ್ನೋ ತಲೆಬರಹ ಇದೆ. ಇದರಲ್ಲಿ ಏನು ಸರಿ ಇಲ್ಲ ಅಂತ ಬರೆದವರೇ ಒಪ್ಪಿಕೊಳ್ಳುವ ಜಾಗ. ಉದಾಹರಣೆಗೆ ಡಿಎಸ್‌ಡಬ್ಲ್ಯು ಅಂತ ಒಂದು ಕಮಾಂಡ್ ಇತ್ತು. ಟೈಪ್ ಮಾಡಲು ಬಾರದಂಥ ವಿಚಿತ್ರ ಹೆಸರಿನ ಫೈಲುಗಳನ್ನು ಒಂದೊಂದಾಗಿ ಕೇಳಿ ಅಳಿಸಲು ಅದು ಬೇಕಿತ್ತು. ಆ ಹೆಸರು ಹಳೇ ಕಾಲದಿಂದ ಉಳಿದುಕೊಂಡು ಬಂದಿದೆ, ಇಡಬಾರದಿತ್ತು ಅಂತ ಕೈಪಿಡಿಯೇ ಹೇಳುತ್ತೆ. ಕಂಪ್ಯೂಟರ್ ಚರಿತ್ರೆ ಬದಲಿಸಿದವರು ತಮ್ಮದೇ ಪುಸ್ತಕದಲ್ಲಿ, ತಮ್ಮದೇ ಕಮಾಂಡಿನ ಕೆಳಗೆ, ಇದು ಸರಿಯಿಲ್ಲ ಅಂತ ಅಚ್ಚು ಹಾಕಿದ್ದಾರೆ. ನಾನು ಮೊದಲ ಆರು ತಿಂಗಳು ನನಗೆ ಗೊತ್ತಿಲ್ಲದ್ದನ್ನು ಮುಚ್ಚಿಡುವುದಕ್ಕೆ ಖರ್ಚು ಮಾಡಿದ ಶ್ರಮ ನೆನಪಾಗುತ್ತೆ.

ಹೋದ ತಿಂಗಳು ನಮ್ಮ ಟೀಮಿಗೆ ಒಬ್ಬ ಹೊಸ ಹುಡುಗ ಬಂದ. ಹಾವೇರಿ ಹತ್ತಿರದ ಹಳ್ಳಿಯವನು. ಮೂರನೇ ದಿನ ಸಂಜೆ ಏಳೂವರೆಯಾದರೂ ಎದ್ದಿರಲಿಲ್ಲ. ಹತ್ತಿರ ಹೋಗಿ ನೋಡಿದೆ. ಸ್ಕ್ರಿಪ್ಟು, ಒಳಗೆ ಸಿಡಿ, ಕೆಳಗೆ ಹತ್ತು ಸಲ ಓಡಿಸಿದ ಗುರುತು.

ಕುರ್ಚಿ ಎಳೆದುಕೊಂಡು ಕೂತು 27 ಸಾಲಿನ ಕಥೆ ಹೇಳಿದೆ. ಪೂರ್ತಿ ಕೇಳಿ ಅವನು ಒಂದು ಪ್ರಶ್ನೆ ಕೇಳಿದ. "ಸರ್, ಅವಾಗ ಗೂಗಲ್ ಇರ್ಲಿಲ್ಲಲ್ರೀ, ಹೆಂಗ ಕಂಡುಹಿಡದ್ರು?"

"ಕೂತು ಓದಿದರಂತೆ ಕಣೋ" ಅಂದೆ. "ಬಾ, ಮ್ಯಾನ್ ಪೇಜ್ ತೆಗಿ. ಕೊನೇಲಿ ಬಗ್ಸ್ ಅಂತ ಇರುತ್ತೆ, ಅಲ್ಲಿಂದ ಶುರು ಮಾಡೋಣ."